ಜಖಂ ಪಟ್ಟಿ

ಹೈದರಾಲಿ ಇನ್ನೂ ಮೈಸೂರಿನ ಒಡೆತನಕ್ಕೆ ಬಂದಿರಲಿಲ್ಲ. 1755ರ ಆಸುಪಾಸಿನಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ ಅಲ್ಲಿನ ಪಾಳೆಯಗಾರರ ಜೊತೆ ಕಾದಾಡಿಕೊಂಡಿದ್ದ. ಕಾಳಗದಲ್ಲಿ ಪೆಟ್ಟು ತಿಂದ ಸಿಪಾಯಿಗೆ ಗಾಯ ಮಾಯುವ ತನಕ ತಿಂಗಳಿಗಿಷ್ಟು ಎಂದು ಶ್ರೀರಂಗಪಟ್ಟಣದ ಸರ್ಕಾರ ಹಣ ಕೊಡುತ್ತಿತ್ತು. ಅದಕ್ಕೆ ಜಖಂ ಪಟ್ಟಿ ಎಂದು ಹೆಸರು. ಗಾಯಾಳುಗಳನ್ನು ಕಣ್ಣಾರೆ ಕಂಡು ಹಣ ಮಂಜೂರು ಮಾಡಲು ಒಮ್ಮೆ ರಾಜಧಾನಿಯಿಂದ ಅಧಿಕಾರಿಯೊಬ್ಬ ಬಂದ. ನಿಜವಾಗಿ ಏಟು ಬಿದ್ದಿದ್ದವರು ಕೆಲವರು ಮಾತ್ರ. ಅವರ ಪಕ್ಕದಲ್ಲಿ, ಮೈಮೇಲೆ ಗೀರೂ ಇಲ್ಲದ ನೂರಾರು ಜನರನ್ನು ಅರಿಸಿನ ಬಳಿದ ಬಟ್ಟೆ ಸುತ್ತಿ ಸಾಲುಗೂಡಿಸಲಾಗಿತ್ತು. ಎಲ್ಲರ ಹೆಸರಿಗೂ ಹಣ ಬಂತು. ಬಹುಪಾಲು ಹೈದರನ ಪೆಟ್ಟಿಗೆಗೆ ಹೋಯಿತು. ಇದನ್ನು ಬರೆದವನು ಮಾರ್ಕ್ ವಿಲ್ಕ್ಸ್. ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. ಹೈದರನ ಬಗ್ಗೆ ಅವನಿಗೆ ಪ್ರೀತಿಯಿರಲಿಲ್ಲವಾದ್ದರಿಂದ ಕತೆಗೆ ಒಂದಿಷ್ಟು ಉಪ್ಪುಖಾರ ಬಿದ್ದಿರಬಹುದು. ಆದರೆ ಕತೆಯ ಒಳಗೆ ಸಿಕ್ಕಿಹಾಕಿಕೊಂಡಿರುವ ಸಂಗತಿಯೊಂದನ್ನು ಅವನು ಕಟ್ಟಿ ಹೇಳಿದ್ದಿರಲಾರದು: ಗಾಯಕ್ಕೆ ಪರಿಹಾರ ಕೊಡುವುದು ಇಂಗ್ಲಿಷರು ತಂದ ಪದ್ಧತಿಯಲ್ಲ, ಅದಕ್ಕೆ ನಮ್ಮಲ್ಲಿ ಆಗಲೇ ಹೆಸರೂ ದರವೂ ತಪಾಸಣೆಯೂ ಇದ್ದವು. ಕಳ್ಳ ಲೆಕ್ಕವೂ ಇತ್ತು.

ಪಟ್ಟಿ ಎಂದರೆ ಕನ್ನಡದಲ್ಲಿ ಗಾಯಕ್ಕೆ ಸುತ್ತುವ ಬಟ್ಟೆ; ಹೆಸರುಗಳ ಯಾದಿಯೂ ಪಟ್ಟಿಯೇ. ಸೈನಿಕನ ಅಂಗವೈಕಲ್ಯ ಪಿಂಚಣಿಯ ಇತಿಹಾಸವೆಂದರೆ ಮೊದಲನೆಯ ಪಟ್ಟಿಯ ಜಾಗಕ್ಕೆ ಎರಡನೆಯದು ಬಂದು ಕೂತ ಇತಿಹಾಸ. ದಿಂಡಿಗಲ್ಲಿಗೆ ಬಂದ ಅಧಿಕಾರಿ ಮೋಸ ಹೋಗಿದ್ದು ಬಟ್ಟೆಯನ್ನು ನೋಡಿ, ಅದರ ಅಡಿಯ ಮೈಯನ್ನು ನೋಡದೆ. ಇವತ್ತಿನ ಅಧಿಕಾರಿ ಕಾಗದವನ್ನು ನೋಡುತ್ತಾನೆ; ಅವನಿಗೂ ಮೈ ಕಾಣುವುದಿಲ್ಲ. ವ್ಯತ್ಯಾಸವೆಂದರೆ, ಅರಿಸಿನದ ಬಟ್ಟೆ ಸಿಪಾಯಿಯ ಮೈಮೇಲೆ ಇರುತ್ತಿತ್ತು, ಕಾಗದ ಸರ್ಕಾರದ ಕಪಾಟಿನಲ್ಲಿ ಇರುತ್ತದೆ. ನನ್ನ ವಾದವೆಲ್ಲ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಸೈನಿಕನ ಮೈಯ ದಾಖಲೆ ಯಾರ ಕೈಯಲ್ಲಿದೆಯೋ, ಅವನ ಕಾಯಿಲೆಗೆ ಸೇವೆ ಕಾರಣವಲ್ಲ ಎಂದು ತೋರಿಸುವ ಹೊಣೆಯೂ ಅವರದೇ ಆಗಬೇಕು. ಇದು ಕರುಣೆಯಿಂದ ಹೇಳುವ ಮಾತಲ್ಲ, ಬರೀ ಲೆಕ್ಕದ ಮಾತು. ನಮ್ಮ ನಿಯಮಗಳು ಒಂದು ಕಾಲದಲ್ಲಿ ಇದನ್ನು ಒಪ್ಪಿದ್ದವು. ಆಮೇಲೆ, ಹೆಚ್ಚು ಸದ್ದಾಗದಂತೆ, ಕೈಬಿಟ್ಟವು.

ಹಳೆಯ ಕಾಲದಲ್ಲಿ ದಾಖಲೆ ಊರ ಮುಂದೆ ನಿಂತಿರುತ್ತಿತ್ತು. ಬೆಂಗಳೂರಿನ ಹೆಸರು ಕಾಣಿಸುವ ಅತಿ ಹಳೆಯ ಬರಹವೇ ಒಂದು ವೀರಗಲ್ಲು: ಒಂಬತ್ತನೇ ಶತಮಾನದ ಕೊನೆಯ ಹೊತ್ತಿನ ಬೇಗೂರಿನ ಕಲ್ಲು, ಗಂಗರ ನಾಯಕ ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಸತ್ತದ್ದನ್ನು ಹೇಳುತ್ತದೆ. ಅದೇ ಬೇಗೂರಿನ ಇನ್ನೊಂದು ಕಲ್ಲು ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯಲ್ಲಿ ನಾಗತ್ತರ ಬಿದ್ದ ಮೇಲೆ ಗಂಗರ ಎರೆಯಪ್ಪ ಇರುಗನಿಗೆ ಪಟ್ಟ ಕಟ್ಟಿ ಬೆಂಪೂರಿನ ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ – ಕಾದಿದವನಿಗೋ ಕಾದಿ ಸತ್ತವನ ಮನೆಯವರಿಗೋ ಭೂಮಿ ಬಿಡುವುದಕ್ಕೆ ಕನ್ನಡದಲ್ಲಿ ಒಂದಲ್ಲ, ಹಲವು ಹೆಸರು. ಈ ಏರ್ಪಾಟಿನಲ್ಲಿ ಸಾಕ್ಷಿ ಕೇಳುವ ಪ್ರಮೇಯವೇ ಇರಲಿಲ್ಲ, ಯಾಕೆಂದರೆ ಎಷ್ಟೋ ಸಲ ಕಾಳಗ ಊರ ಗಡಿಯಲ್ಲೇ ನಡೆದಿತ್ತು, ಹೆಣ ಊರಿಗೇ ಬಂದಿತ್ತು. ಆದರೆ ವೀರಗಲ್ಲಿನ ಮೂರು ಹಂತಗಳನ್ನು ಎಷ್ಟು ಹೊತ್ತು ನೋಡಿದರೂ ಸಿಗದ ಮನುಷ್ಯನೊಬ್ಬನಿದ್ದಾನೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಶಿವಸಾನ್ನಿಧ್ಯ. ಕಾದು, ಸಾಯದೆ, ಕೈಯೋ ಕಣ್ಣೋ ಕಳೆದುಕೊಂಡು ಮನೆಗೆ ಬಂದವನಿಗೆ ಆ ಕಲ್ಲಿನಲ್ಲಿ ಹಂತವಿಲ್ಲ.

ಸಾವಿರ ವರ್ಷ ಕಳೆದರೂ ಈ ಮರೆವು ಹೋಗಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಭಾರತದ ಎಷ್ಟೋ ಹಳ್ಳಿಗಳಲ್ಲಿ ಬ್ರಿಟಿಷ್ ಸರ್ಕಾರ ಸಣ್ಣ ಕಲ್ಲುಫಲಕಗಳನ್ನು ಕೂರಿಸಿತು. ಅವುಗಳಲ್ಲಿ ಎರಡೇ ಅಂಕಿ: ಈ ಊರಿಂದ ಯುದ್ಧಕ್ಕೆ ಹೋದವರು ಇಷ್ಟು, ಸತ್ತವರು ಇಷ್ಟು. ಮೈ ಮುರಿದು ವಾಪಸ್ಸಾದವರ ಮೂರನೆಯ ಅಂಕಿ ಇಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆ ಏರಿ ಗೆದ್ದ ದಂಡಿನಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇತ್ತು, ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇಂದಿಗೂ ಇದೆ. ಹೈಫಾ ದಿನ ಬಂದರೆ ಹೂವಿನ ಚಕ್ರ ಬೀಳುವುದು ಮಡಿದವರಿಗೆ. ಗಾಯಾಳುಗಳಿಗಾಗಿ ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. 1917ರಲ್ಲೇ ಕ್ವೀನ್ ಮೇರಿ ಹೆಸರಿನ ಕಸುಬಿನ ಶಾಲೆ (ಈಗ ಅದು ಪುಣೆಯ ಖಡಕಿಯಲ್ಲಿದೆ) ಶುರುವಾಗಿ ಅಂಗಹೀನ ಸಿಪಾಯಿಗಳಿಗೆ ಕೈಕೆಲಸ ಕಲಿಸುತ್ತಿತ್ತು. ಆದರೆ ಸತ್ತವನ ಲೆಕ್ಕ ಸುಲಭ, ಅವನು ಒಂದೇ ಸಲ ಸಾಯುತ್ತಾನೆ. ಬದುಕಿ ಬಂದವನ ವಿಚಾರದಲ್ಲಿ ಎರಡು ಪ್ರಶ್ನೆ ಏಳುತ್ತವೆ: ಎಷ್ಟು ಹೋಗಿದೆ, ಯಾತರಿಂದ ಹೋಗಿದೆ. ಮೊದಲನೆಯದಕ್ಕೆ ಶೇಕಡಾವಾರು ಲೆಕ್ಕ ಹುಟ್ಟಿಕೊಂಡಿತು. ಎರಡನೆಯದಕ್ಕೆ ಹುಟ್ಟಿಕೊಂಡದ್ದು ವ್ಯಾಜ್ಯ.

ಬ್ರಿಟನ್ನಿನಲ್ಲಿ ಆ ವ್ಯಾಜ್ಯಕ್ಕೆ 1943ರಲ್ಲಿ ಒಂದು ತಿರುವು ಬಂತು. ಎರಡನೇ ಮಹಾಯುದ್ಧದ ನಡುವೆ, ಸಾವಿರಾರು ಅರ್ಜಿಗಳು ‘ಸಾಕ್ಷ್ಯ ಸಾಲದು’ ಎಂದು ಬಿದ್ದುಹೋಗುತ್ತಿದ್ದುದಕ್ಕೆ ಸಂಸತ್ತಿನಲ್ಲಿ ಗದ್ದಲವೆದ್ದು, ಅರ್ಜಿದಾರನ ತಲೆಯ ಮೇಲಿದ್ದ ರುಜುವಾತಿನ ಹೊಣೆಯನ್ನು ಇಳಿಸಿದರು. ಸೇರುವಾಗ ಆರೋಗ್ಯವಂತನೆಂದು ನೀವೇ ಬರೆದುಕೊಂಡಿದ್ದೀರಿ, ಬಿಡುವಾಗ ಕಾಯಿಲೆಯಿದೆ. ನಡುವೆ ಅವನು ನಿಮ್ಮ ಹತ್ತಿರವೇ ಇದ್ದ, ಹಾಗಾದರೆ ಕಾರಣ ನೀವೇ ಹೇಳಿ – ಇದು ಆ ತಿರುವಿನ ತಿರುಳು. ಇಲ್ಲೊಂದು ಸ್ವಾರಸ್ಯವಿದೆ. ಕೊಲೆ ಮೊಕದ್ದಮೆಗಳಲ್ಲಿ ನಮ್ಮ ವಕೀಲರು ‘ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ’ ಎಂಬ ಮಾತಿಗೆ ಅರ್ಥ ಹೇಳುವಾಗ 1947ರ ಮಿಲ್ಲರ್ ಪ್ರಕರಣವನ್ನು ಉದ್ಧರಿಸದೆ ಬಿಡುವುದಿಲ್ಲ. ನ್ಯಾಯಾಧೀಶ ಡೆನಿಂಗ್ ಬರೆದ ತೀರ್ಪು. ಅದು ಕೊಲೆಯದ್ದಲ್ಲ; ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡ ಸೈನಿಕನ ಹೆಂಡತಿ ಪಿಂಚಣಿ ಇಲಾಖೆಯ ಮಂತ್ರಿಯ ವಿರುದ್ಧ ಹೂಡಿದ್ದು. ಕೊಲೆಗಡುಕನನ್ನು ಗಲ್ಲಿಗೇರಿಸಲು ಎಷ್ಟು ಖಾತ್ರಿ ಬೇಕು ಎಂಬ ಅಳತೆಗೋಲನ್ನು ನಾವು ಕಲಿತದ್ದು, ಸೈನಿಕನಿಗೆ ಪಿಂಚಣಿ ನಿರಾಕರಿಸಲು ಎಷ್ಟು ಖಾತ್ರಿ ಬೇಕು ಎಂಬ ಚರ್ಚೆಯಿಂದ.

ಸ್ವತಂತ್ರ ಭಾರತದ ಸೇನಾ ಪಿಂಚಣಿ ನಿಯಮಾವಳಿ 1961ರದ್ದು. ಅದರ 173ನೇ ನಿಯಮದ ಪ್ರಕಾರ ವೈಕಲ್ಯ ಸೇವೆಯಿಂದ ಉಂಟಾಗಿರಬೇಕಿತ್ತು ಅಥವಾ ಸೇವೆಯಿಂದ ಉಲ್ಬಣಿಸಿರಬೇಕಿತ್ತು, ಪ್ರಮಾಣ ಶೇಕಡ 20ಕ್ಕೆ ಕಡಿಮೆ ಇರಬಾರದಿತ್ತು. ಇದಕ್ಕೆ ಜೊತೆಯಾಗಿ 1982ರಲ್ಲಿ ಬಂದ ಅರ್ಹತಾ ನಿಯಮಗಳು 1943ರ ಉದಾರತೆಯನ್ನೇ ಹೊತ್ತು ತಂದವು. ಸೇರುವಾಗ ಕಾಯಿಲೆಯ ಷರಾ ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಅರ್ಜಿದಾರನಿಂದ ರುಜುವಾತು ಕೇಳಕೂಡದು. ಸಂಶಯದ ಲಾಭ ಅವನಿಗೇ ಸಿಗಬೇಕು, ಗಡಿಯಲ್ಲಿ ದುಡಿದವನಿಗೆ ಇನ್ನೂ ಧಾರಾಳವಾಗಿ ಸಿಗಬೇಕು. ಓದಲು ಚೆನ್ನಾಗಿಯೇ ಇದೆ. ಇನ್ನು, ಇದು ಬಳಕೆಗೆ ಬರುವ ಕಾಗದವನ್ನು ಹತ್ತಿರದಿಂದ ನೋಡೋಣ. ಬಿಡುಗಡೆಯ ಹೊತ್ತಿಗೆ ಕೂರುವ ಮೆಡಿಕಲ್ ಬೋರ್ಡಿನ ನಮೂನೆಯ ಮೊದಲ ಭಾಗವನ್ನು ಸೈನಿಕನೇ ತುಂಬುತ್ತಾನೆ: ಎಲ್ಲೆಲ್ಲಿ ಇದ್ದೆ, ಯಾವುದು ‘ಪೀಸ್’ (ಶಾಂತಿಯ ನೆಲೆ) ಯಾವುದು ‘ಫೀಲ್ಡ್’ (ರಣದ ನೆಲೆ), ಸೇರುವ ಮೊದಲು ಯಾವ ಕಾಯಿಲೆಯಿತ್ತು. ಮುಂದಿನ ಪುಟದಲ್ಲಿ ವೈದ್ಯರ ಖಾನೆಗಳು: ಸೇವೆಯಿಂದ ಉಂಟಾದದ್ದೇ, ಉಲ್ಬಣಿಸಿದ್ದೇ, ಎರಡೂ ಅಲ್ಲವೇ. ಪಕ್ಕದಲ್ಲಿ ಕಾರಣ ಬರೆಯಲು ಜಾಗವಿದೆ. ನ್ಯಾಯಾಲಯಗಳ ಮುಂದೆ ಬಂದ ಎಷ್ಟೋ ಕಡತಗಳಲ್ಲಿ ಆ ಜಾಗದಲ್ಲಿರುವುದು ಅರ್ಧ ಸಾಲು: ಹುಟ್ಟಿನಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ. ಮಾಜಿ ಸೈನಿಕರ ಬಾಯಲ್ಲಿ ಇದಕ್ಕೆ ‘ನಾನಾ’ ಎಂದು ಹೆಸರು. ಅಟ್ರಿಬ್ಯೂಟಬಲ್ಲೂ ಅಲ್ಲ, ಅಗ್ರವೇಟೆಡ್ಡೂ ಅಲ್ಲ ಎಂಬುದಕ್ಕಿರುವ ಇಂಗ್ಲಿಷ್ ಷರಾದ ನಾಲ್ಕು ಮೊದಲಕ್ಷರ ಅದು. ಆ ನಾಲ್ಕಕ್ಷರದ ಮೇಲೆ ಕಡತ ಅಲಹಾಬಾದಿನ ದ್ರೌಪದಿ ಘಾಟಿನ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗುತ್ತಿತ್ತು, ಅಲ್ಲಿಂದ ‘ತಿರಸ್ಕೃತ’ ಎಂದು ವಾಪಸ್ಸು ಬರುತ್ತಿತ್ತು.

ಸಿಗ್ನಲ್ಸ್ ದಳದ ಧರ್ಮವೀರ್ ಸಿಂಗ್ ಪ್ರಕರಣ ದೊಡ್ಡದಾದದ್ದು ಈ ಅರ್ಧ ಸಾಲಿನಿಂದಲೇ. 1985ರಲ್ಲಿ ಸೇರಿದ ಸೈನಿಕ, ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಹೊರಬಿದ್ದ, ವೈಕಲ್ಯ ಶೇಕಡ 20. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದು ವಿಭಾಗೀಯ ಪೀಠದಲ್ಲಿ ಸೋತು, ಕೊನೆಗೆ 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಸೇರುವಾಗ ಷರಾ ಬರೆಯದಿದ್ದ ಮೇಲೆ, ಈಗ ಸಂಬಂಧವಿಲ್ಲ ಎನ್ನುವ ಬೋರ್ಡು ಕಾರಣ ಕೊಡಬೇಕು, ಕಾರಣವಿಲ್ಲದ ಅಭಿಪ್ರಾಯಕ್ಕೆ ತೂಕವಿಲ್ಲ ಎಂದಿತು ನ್ಯಾಯಾಲಯ. ಹೊಸ ತತ್ವವನ್ನೇನೂ ಹೇಳಲಿಲ್ಲ. 1982ರ ನಿಯಮವನ್ನು ಓದಿ ತೋರಿಸಿತು, ಅಷ್ಟೇ. ಹತ್ತೊಂಬತ್ತು ವರ್ಷ ಹಿಡಿದದ್ದು ಸರ್ಕಾರಕ್ಕೆ ಅದರದೇ ನಿಯಮವನ್ನು ಓದಿಸಲು.

ವಿಚಿತ್ರವೆಂದರೆ ಆ ಹೊತ್ತಿಗಾಗಲೇ ನಿಯಮ ಬದಲಾಗಿತ್ತು. 2008ರ ಅರ್ಹತಾ ನಿಯಮಗಳಲ್ಲಿ, ಸೇರುವಾಗಿನ ವೈದ್ಯಕೀಯ ತಪಾಸಣೆ ಪೂರ್ಣವಾದದ್ದಲ್ಲ, ಒಳಗೆ ಅಡಗಿದ ಕಾಯಿಲೆ ಅದರಲ್ಲಿ ಸಿಗದೇ ಇರಬಹುದು ಎಂಬ ಮಾತು ಬಂತು. ಅದಕ್ಕಿಂತ ಮುಖ್ಯವಾದದ್ದು ಹೊಣೆಯ ನಿಯಮ. ಸಾಮಾನ್ಯವಾಗಿ ಅರ್ಜಿದಾರನಿಂದ ರುಜುವಾತು ಕೇಳುವುದಿಲ್ಲ. ಆದರೆ ಸೇವೆ ಬಿಟ್ಟು ಹದಿನೈದು ವರ್ಷದ ಮೇಲೆ, ಅವಧಿ ಮುಗಿದು ದಾಖಲೆಗಳು ನಾಶವಾದ ನಂತರ ಅರ್ಜಿ ಹಾಕಿದರೆ ಹೊಣೆ ಅರ್ಜಿದಾರನದೇ. ಇದನ್ನು ನಿಧಾನವಾಗಿ ಇನ್ನೊಮ್ಮೆ ಓದಬೇಕು. ದಾಖಲೆ ಇಟ್ಟುಕೊಂಡವರು ಸರ್ಕಾರ, ಸುಟ್ಟವರು ಸರ್ಕಾರ. ಬೂದಿಯಿಂದ ಸಾಕ್ಷ್ಯ ತೆಗೆಯಬೇಕಾದವನು ಸಿಪಾಯಿ. ಹಳೆಯ ಕಡತಗಳನ್ನು ಎಂದೆಂದಿಗೂ ಇಟ್ಟುಕೊಳ್ಳಲು ಆಗುವುದಿಲ್ಲ ಎನ್ನುವುದು ಒಪ್ಪತಕ್ಕ ಮಾತೇ. ಆದರೆ ಕಪಾಟು ಖಾಲಿ ಮಾಡಿಕೊಂಡ ಅನುಕೂಲ ಒಬ್ಬರಿಗೆ, ಅದರ ನಷ್ಟ ಇನ್ನೊಬ್ಬರಿಗೆ ಎಂದರೆ ಯಾವ ಸಂತೆಯ ವ್ಯಾಪಾರಿಯೂ ಒಪ್ಪಲಾರ.

ಮಾಗಡಿ ರಸ್ತೆಯ ಹೇರೋಹಳ್ಳಿಯಂಥ ಕಡೆ ನಿಂತು ನೋಡಿದರೆ ಈ ನಷ್ಟದ ಆಕಾರ ಕಾಣುತ್ತದೆ. (ಇಂಗ್ಲಿಷಿನ ಬೋರ್ಡು ನೋಡಿ ‘ಹೀರೋಹಳ್ಳಿ’ ಎಂದು ಓದುವವರಿದ್ದಾರೆ; ವೀರಗಲ್ಲಿನ ಮಾತು ಬಂದಾಗ ಆ ತಪ್ಪು ಅಷ್ಟೇನೂ ಅಪಶಕುನವಲ್ಲ.) ಹಿಂದೆ ಕೆರೆ, ಹೊಲ, ನಾಲ್ಕು ಬೀದಿಯ ಹಳ್ಳಿ, ಈಗ ಸುಂಕದಕಟ್ಟೆ, ಬ್ಯಾಡರಹಳ್ಳಿಗಳ ಜೊತೆ ಒಂದಕ್ಕೊಂದು ಅಂಟಿಕೊಂಡ ಬಡಾವಣೆ. ಹಳ್ಳಿಯಲ್ಲಾದರೆ ಯಾರ ಮನೆಯ ಹುಡುಗ ಸೈನ್ಯಕ್ಕೆ ಹೋದ, ಹೋಗುವಾಗ ಹೇಗಿದ್ದ, ಬಂದಾಗ ಹೇಗಾಗಿದ್ದ ಎಂಬುದು ಅರಳಿಕಟ್ಟೆಗೆ ಗೊತ್ತಿರುತ್ತಿತ್ತು. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡು ಬಂದ ಮಾಜಿ ಸೈನಿಕ ಪಕ್ಕದ ಮನೆಯವರಿಗೆ ಕಿವಿ ಮಂದವಾದ ಅಂಕಲ್, ಅಷ್ಟೇ. ಆ ಕಿವಿ ಫಿರಂಗಿಯ ಪಕ್ಕದಲ್ಲಿ ಹೋಯಿತೋ ವಯಸ್ಸಿನಿಂದ ಹೋಯಿತೋ ಹೇಳಬಲ್ಲವರು ಯಾರೂ ಇಲ್ಲ. ಸಾಕ್ಷಿ ಎಂದು ಉಳಿದಿರುವುದು ಕಾಗದವೊಂದೇ. ಆ ಕಾಗದ ಎಲ್ಲಿದೆ? ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವನ ದಫ್ತರವಾದರೆ ಇದೇ ಊರಿನಲ್ಲಿದೆ. ಫಿರಂಗಿ ದಳದವನದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್‌ನವನದು ಜಬಲ್ಪುರದಲ್ಲಿ, ಮದ್ರಾಸ್ ರೆಜಿಮೆಂಟಿನವನದು ವೆಲ್ಲಿಂಗ್ಟನ್ನಿನಲ್ಲಿ, ಮರಾಠಾ ಪದಾತಿಯವನದು ಬೆಳಗಾವಿಯಲ್ಲಿ, ಮೆಡಿಕಲ್ ಕೋರಿನವನದು ಲಖನೌದಲ್ಲಿ. ಹಣ ಮಂಜೂರಾಗುವುದು ಅಲಹಾಬಾದಿನಲ್ಲಿ, ಈಗ ಪ್ರಯಾಗರಾಜ್ ಎನ್ನಬೇಕು. ಸೈನಿಕ ಕಲ್ಯಾಣ ಇಲಾಖೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿದೆ, ಅರ್ಜಿ ಬರೆಯಲು ನೆರವಾಗುತ್ತದೆ. ತೀರ್ಮಾನ ಅದರ ಕೈಯಲ್ಲಿಲ್ಲ. ತಿರಸ್ಕಾರದ ಮೇಲೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ಎರಡನೆಯದು, ಅದೂ ಬಿದ್ದರೆ 2009ರಲ್ಲಿ ಶುರುವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಬರುವುದು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ.

ಇಷ್ಟು ಅಲೆದಾಟ ಬೇಕಾಗಿರುವುದು ಕಳ್ಳರನ್ನು ತಡೆಯಲು ಎಂಬ ಆಕ್ಷೇಪವಿದೆ. ಅರಿಸಿನದ ಬಟ್ಟೆಯ ಕತೆಯಿಂದಲೇ ಲೇಖನ ಶುರುಮಾಡಿದ ಮೇಲೆ ನಾನು ಅದನ್ನು ತಳ್ಳಿಹಾಕುವಂತಿಲ್ಲ. 2023ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ ಆ ಹಿಂದಿನ ವರ್ಷಗಳಲ್ಲಿ ನಿವೃತ್ತರಾದ ಅಧಿಕಾರಿಗಳಲ್ಲಿ ಹೆಚ್ಚುಕಡಿಮೆ ಶೇಕಡ 40ರಷ್ಟು ಮಂದಿ ವೈಕಲ್ಯ ಪಿಂಚಣಿ ಪಡೆದಿದ್ದರು. ಕೆಳಗಿನ ದರ್ಜೆಯವರಲ್ಲಿ ಆ ಪ್ರಮಾಣ ಶೇಕಡ 18ರ ಆಸುಪಾಸು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಲ್ಲರ ಮನೆಯಲ್ಲೂ ಇವೆ, ಅವಕ್ಕೂ ಪಿಂಚಣಿಯೇ ಎಂಬ ಪ್ರಶ್ನೆ ಪತ್ರಿಕೆಗಳಲ್ಲೂ ಬಂತು. ಅಂಕಿಯನ್ನು ಮಾತ್ರ ಪೂರ್ತಿ ಓದಬೇಕು. ಬಂಕರಿನಲ್ಲಿ ಮಲಗುವವನು, ಭಾರ ಹೊರುವವನು, ಹಿಮದಲ್ಲಿ ಕಾವಲು ನಿಲ್ಲುವವನು ಹೆಚ್ಚಾಗಿ ಯಾರೋ, ಅವರಲ್ಲಿ ಪಿಂಚಣಿ ಸಿಕ್ಕವರ ಪ್ರಮಾಣ ಅಧಿಕಾರಿಗಳದ್ದರ ಅರ್ಧಕ್ಕಿಂತ ಕಡಿಮೆ. ಕಾಗದ ಓದಬಲ್ಲವನಿಗೆ, ಬೋರ್ಡಿನ ಮುಂದೆ ಇಂಗ್ಲಿಷಿನಲ್ಲಿ ವಾದಿಸಬಲ್ಲವನಿಗೆ, ಮೇಲ್ಮನವಿಯ ಗಡುವು ಗೊತ್ತಿರುವವನಿಗೆ ಸಿಕ್ಕದ್ದು ಸಿಪಾಯಿಗೆ ಸಿಗಲಿಲ್ಲ ಎಂದೂ ಇದನ್ನು ಓದಬಹುದಲ್ಲ? ಮೋಸವಿದ್ದರೆ ಅದು ಹೊಣೆಯನ್ನು ಸರ್ಕಾರದ ಮೇಲೆ ಹಾಕಿದ್ದರಿಂದ ಹುಟ್ಟಿದ್ದಲ್ಲ. ಸುಳ್ಳು ಪಟ್ಟಿ ಸುತ್ತಿಕೊಂಡವನನ್ನು ಹಿಡಿಯುವ ದಾರಿ ಪಟ್ಟಿ ಬಿಚ್ಚಿ ನೋಡುವುದು. ಬೋರ್ಡು ಅರ್ಧ ಸಾಲಿನ ಬದಲು ಅರ್ಧ ಪುಟ ಬರೆದರೆ ಸಾಕು, ಸುಳ್ಳು ಅಲ್ಲೇ ಬಯಲಾಗುತ್ತದೆ. ಹೈದರನ ಕತೆಯಲ್ಲೂ ಲಾಭ ಸುರಿದುಕೊಂಡದ್ದು ಬಟ್ಟೆ ಸುತ್ತಿಕೊಂಡ ಸಿಪಾಯಿಯಲ್ಲ, ಸುತ್ತಿಸಿದ ಫೌಜುದಾರ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮನೋರೋಗದಂಥವು ಭರ್ತಿಯ ದಿನದ ತಪಾಸಣೆಯಲ್ಲಿ ಕಾಣುವುದಿಲ್ಲ; ಷರಾ ಇಲ್ಲ ಎಂದ ಮಾತ್ರಕ್ಕೆ ಕಾಯಿಲೆಯೇ ಇರಲಿಲ್ಲ ಎನ್ನುವುದು ವೈದ್ಯಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. 2019ರಲ್ಲಿ ಸುಪ್ರೀಂ ಕೋರ್ಟೇ ಸ್ಕಿಜೋಫ್ರೇನಿಯಾದ ಪ್ರಕರಣವೊಂದರಲ್ಲಿ ಹೀಗೆ ಹೇಳಿ ಪಿಂಚಣಿ ನಿರಾಕರಿಸಿತು. ವೈದ್ಯಶಾಸ್ತ್ರದ ಮಟ್ಟಿಗೆ ಮಾತು ಸರಿ. ಆದರೆ ಕಾರಣ ಗೊತ್ತಾಗದ ಕಾಯಿಲೆ ಎರಡೂ ಕಡೆಯವರಿಗೆ ಗೊತ್ತಾಗದ್ದೇ. ಅಂಥಲ್ಲಿ ನಷ್ಟ ಯಾರು ಹೊರಬೇಕು ಎಂಬುದು ವೈದ್ಯರ ಪ್ರಶ್ನೆಯಾಗಿ ಉಳಿಯುವುದಿಲ್ಲ, ರಾಜ್ಯದ ಪ್ರಶ್ನೆಯಾಗುತ್ತದೆ. ಹದಿನೆಂಟರ ಹುಡುಗನನ್ನು ತೂಗಿ, ಎದೆ ಅಳೆದು, ‘ಫಿಟ್’ ಎಂದು ಸಹಿ ಹಾಕಿ ಒಯ್ದವರು ಹತ್ತು ವರ್ಷ ಕಳೆದ ಮೇಲೆ ನಮ್ಮ ತಪಾಸಣೆ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದರೆ, ಆ ದೌರ್ಬಲ್ಯದ ಬೆಲೆ ಹುಡುಗನ ಮನೆಗೆ ಹೋಗಬೇಕಾದ ಕಾರಣ ಕಾಣದು. ಹಾಗೆಂದು ಸೇವೆಗೆ ಸಂಬಂಧವೇ ಇಲ್ಲದ್ದನ್ನೂ ಕೊಡಬೇಕೆನ್ನುತ್ತಿಲ್ಲ. ರಜೆಯ ಮೇಲೆ ಬರುವ ರೈಲಿನಲ್ಲಿ ಬಿದ್ದವನನ್ನು ಕರ್ತವ್ಯದ ಮೇಲಿದ್ದಾನೆಂದು ನಿಯಮ ಎಣಿಸುತ್ತದೆ. ಮನೆ ಸೇರಿ, ಸ್ವಂತ ಕೆಲಸಕ್ಕೆಂದು ಮಾಗಡಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದರೆ ಎಣಿಸುವುದಿಲ್ಲ. ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಇದು ಕಣ್ಣಿಗೆ ಕಾಣುವ ಗೆರೆ.

2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳು ಹಳೆಯ ಹೆಸರನ್ನೂ ಸ್ವಲ್ಪ ಬದಲಿಸಿವೆ. ಕಾಯಿಲೆಯಿದ್ದೂ ಅವಧಿ ಮುಗಿಸಿ ನಿವೃತ್ತನಾದವನಿಗೆ ಸಿಗುವುದು ಇನ್ನು ಪಿಂಚಣಿಯ ಭಾಗವಲ್ಲ, ‘ಇಂಪೇರ್ಮೆಂಟ್ ರಿಲೀಫ್’. ಹಕ್ಕಿನ ಜಾಗಕ್ಕೆ ಪರಿಹಾರದ ಪದ ಬಂದಾಗ ಹುಷಾರಾಗಿರಬೇಕು ಎಂಬುದು ಮಾಜಿ ಸೈನಿಕರ ಸಂಘಗಳ ಆತಂಕ, ಅದು ಬರೀ ಗುಮಾನಿಯೇನಲ್ಲ. ಹಣದ ಲೆಕ್ಕ ಹೇಗೂ ದೊಡ್ಡದಲ್ಲ. ನೂರಕ್ಕೆ ನೂರು ವೈಕಲ್ಯಕ್ಕೆ ಕೊನೆಯ ಸಂಬಳದ ಶೇಕಡ 30, ಅರ್ಧಕ್ಕೆ 15. ತಡವಾಗಿ ಎಚ್ಚೆತ್ತವನಿಗೆ ಹಿಂಬಾಕಿ ಮೂರೇ ವರ್ಷದ್ದು ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳಿದೆ. 1983ರಲ್ಲಿ ಹೊರಬಿದ್ದು 1999ರಲ್ಲಿ ನ್ಯಾಯಾಲಯಕ್ಕೆ ಹೋದವನ ಪ್ರಕರಣ ಅದು. ಉಳಿದ ವರ್ಷಗಳು ಹೋದವು.

ಹೇರೋಹಳ್ಳಿಯಿಂದ ಇವತ್ತು ಒಬ್ಬ ಮಾಜಿ ಸೈನಿಕ ಹೊರಟರೆ ಅವನ ಮೊದಲ ಕೆಲಸ ಆಸ್ಪತ್ರೆಗೆ ಹೋಗುವುದಲ್ಲ, ವಕೀಲರ ಹತ್ತಿರ ಹೋಗುವುದೂ ಅಲ್ಲ. ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಂಡು, ಮಾಹಿತಿ ಹಕ್ಕು ಕಾಯ್ದೆಯಡಿ ನಾಸಿಕ್ ರೋಡಿಗೋ ಜಬಲ್ಪುರಕ್ಕೋ ಒಂದು ಪತ್ರ ಬರೆಯುವುದು: ನನ್ನ ಮೆಡಿಕಲ್ ಬೋರ್ಡಿನ ನಡಾವಳಿಯ ನಕಲು ಕೊಡಿ, ನಾನು ಸೇರಿದ ದಿನ ನನ್ನ ಮೈ ನೋಡಿದವರು ಏನು ಬರೆದಿದ್ದರೋ ಅದರ ನಕಲೂ ಕೊಡಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಒಂದೋ ಕಂದು ಲಕೋಟೆಯಲ್ಲಿ ನಾಲ್ಕಾರು ಹಾಳೆ ಬರುತ್ತವೆ, ಇಲ್ಲವೇ ಅವಧಿ ಮುಗಿದ ಕಾರಣ ದಾಖಲೆಗಳನ್ನು ಸುಡಲಾಗಿದೆ ಎಂಬ ಒಂದೇ ಸಾಲು.